ಜರತಾರಿ ತೊಟ್ಟ ದನಿ: ಮೈಸೂರಿನಲ್ಲಿ ಮುಗಿದ ಗೌಹರ್ ಜಾನ್ ಬದುಕು

ಅದು 1902ರ ನವೆಂಬರ್ ತಿಂಗಳು. ಕಲ್ಕತ್ತೆಯ ಹೋಟೆಲೊಂದರ ಎರಡು ಕೊಠಡಿಗಳು ಧ್ವನಿಮುದ್ರಣದ ಕೇಂದ್ರವಾಗಿ ಮಾರ್ಪಟ್ಟಿದ್ದವು. ಲಂಡನ್ನಿನ ಗ್ರಾಮಫೋನ್ ಕಂಪನಿ ಕಳುಹಿಸಿದ್ದ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಮೇಣದ ತಟ್ಟೆ, ದೊಡ್ಡ ಕಹಳೆಗಳನ್ನು ಹೊಂದಿಸಿಕೊಂಡು ಗಾಯಕಿಯ ದಾರಿ ಕಾಯುತ್ತಿದ್ದರು. ಪಕ್ಕವಾದ್ಯದವರು, ಪರಿಚಾರಕರ ದೊಡ್ಡ ದಂಡಿನೊಂದಿಗೆ ಆಕೆ ಬಂದರು. ಮೈಮೇಲೆ ಅಪ್ಪಟ ಚಿನ್ನದ ಜರತಾರಿ ಕೆಲಸದ ತೆಳು ವಸ್ತ್ರ, ಕೊರಳು, ಕಿವಿ, ಕೈಗಳ ತುಂಬ ಆಭರಣ. ಯುರೋಪಿನ ಹೆಸರಾಂತ ಒಪೆರಾ ಗಾಯಕಿಯರನ್ನು ಹತ್ತಿರದಿಂದ ಬಲ್ಲ ಗೈಸ್‌ಬರ್ಗ್ ಅವರಿಗೇ ಆ ವೈಭವ ಅಚ್ಚರಿ ತರಿಸಿತು. ಮುದ್ರಣಕ್ಕೆ ಬಂದಾಗಲೆಲ್ಲ ಆಕೆ ಹೊಸ ಉಡುಗೆಯಲ್ಲಿಯೇ ಬಂದರೆಂದೂ, ಒಮ್ಮೆ ತೊಟ್ಟ ಒಡವೆಯನ್ನು ಇನ್ನೊಮ್ಮೆ ತೊಡಲಿಲ್ಲವೆಂದೂ ಅವರು ಮುಂದೆ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ವಿಚಿತ್ರವೆಂದರೆ, ಗಾನಮುದ್ರಿಕೆಯಲ್ಲಿ ಉಡುಗೆ ಕಾಣುವುದಿಲ್ಲ! ಕಹಳೆಯ ಮುಂದೆ ನಿಂತು ಹಾಡುವವರು ಏನುಟ್ಟರೆ ಯಾರಿಗೆ ಏನು? ಆದರೂ ಗೌಹರ್ ಜಾನ್ ಪ್ರತಿ ಬಾರಿಯೂ ಸಿಂಗರಿಸಿಕೊಂಡೇ ಬಂದರು. ಭಾರತದ ಮೊದಲ ಗಾನಮುದ್ರಿಕೆಗಳಿಗೆ ದನಿ ನೀಡಿ, ದೇಶದಾದ್ಯಂತ ಮನೆಮಾತಾಗಿ, ಕೊನೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕಣ್ಣುಮುಚ್ಚಿದ ಈ ಗಾಯಕಿಯ ಸಿಂಗಾರವನ್ನು ಬಹುಮಂದಿ ದುಂದುಗಾರಿಕೆ ಎಂದೇ ಬಣ್ಣಿಸಿದ್ದಾರೆ. ಅದು ಪೂರ್ತಿ ಸರಿಯಲ್ಲ. ಸಮಾಜ ಹಾಡನ್ನು ಮೆಚ್ಚಿ ಹಾಡುವವಳನ್ನು ಹೊರಗಿಟ್ಟಿದ್ದ ಕಾಲದಲ್ಲಿ ಆ ಸೀರೆ, ಆ ಸರಗಳು ಆಕೆಯ ಬೆಲೆಪಟ್ಟಿಯೂ ಆಗಿದ್ದವು, ಮರ್ಯಾದೆಯ ಕಾವಲೂ ಆಗಿದ್ದವು.

ರಾಯಚೂರು ಸೀಮೆಯವರಿಗೆ ಇದು ತೀರ ಅಪರಿಚಿತ ಸಂಗತಿಯೇನಲ್ಲ. ಜಾತ್ರೆಗಳಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಆಟ ನೋಡಿದವರಿಗೆ ಗೊತ್ತು, ಪರದೆ ಸರಿದೊಡನೆ ಪ್ರೇಕ್ಷಕರ ಕಣ್ಣು ಹೋಗುವುದು ನಾಯಕಿಯ ಸೀರೆಯ ಅಂಚಿನತ್ತ. ಹಾಡು ಕೇಳುವುದು ಆಮೇಲೆ. ದೇವದುರ್ಗ, ಮಾನ್ವಿ ಭಾಗದ ಹಳ್ಳಿಗಳು ಇನ್ನೊಂದು ಕಹಿ ಸತ್ಯವನ್ನೂ ಬಲ್ಲವು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯ ನೋವನ್ನು ಈ ಸೀಮೆ ದೀರ್ಘಕಾಲ ಉಂಡಿದೆ. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ರೂಪಿಸಿದ್ದು 1982ರಲ್ಲಿ. ಗೌಹರ್ ಜಾನ್ ಉತ್ತರ ಭಾರತದ ತವಾಯಫ್ ಪರಂಪರೆಯವರು, ದೇವದಾಸಿ ಪದ್ಧತಿಗೂ ಅದಕ್ಕೂ ವ್ಯತ್ಯಾಸವಿದೆ. ಆದರೆ ಹಾಡಿ ಕುಣಿಯುವ ಹೆಣ್ಣನ್ನು ಊರು ನೋಡುವ ನೋಟ ಎರಡೂ ಕಡೆ ಒಂದೇ ಆಗಿತ್ತು.

ಸಾಗರದಾಚೆಯ ಅಮೆರಿಕದಲ್ಲಿಯೂ ಇಂಥದೇ ಕಥೆ ನಡೆಯಿತು. ಜಾಜ್ ಮತ್ತು ಬ್ಲೂಸ್ ಸಂಗೀತದ ಮೊದಲ ತಲೆಮಾರಿನ ಕಪ್ಪು ಗಾಯಕಿಯರು ವೇದಿಕೆಗೆ ಬರುತ್ತಿದ್ದ ಠೀವಿ ಇಂದಿಗೂ ಮಾತಿನ ವಸ್ತು. ಮಾ ರೇನಿ ಚಿನ್ನದ ನಾಣ್ಯಗಳ ಸರ ತೊಟ್ಟು, ವೇದಿಕೆಯ ಮೇಲಿರಿಸಿದ ದೈತ್ಯ ಗ್ರಾಮಫೋನ್ ಪೆಟ್ಟಿಗೆಯೊಳಗಿಂದ ಹೊರಬರುತ್ತಿದ್ದರು. ಬೆಸ್ಸಿ ಸ್ಮಿತ್ ಉಷ್ಟ್ರಪಕ್ಷಿಯ ಗರಿಗಳನ್ನು ಮುಡಿದು ಮೆರೆದರು. ಬಿಲ್ಲಿ ಹಾಲಿಡೇ ಮುಡಿಯಲ್ಲಿ ಬಿಳಿಯ ಗಾರ್ಡೇನಿಯಾ ಹೂವು ಅರಳಿರುತ್ತಿತ್ತು. ಹೋಟೆಲಿನ ಮುಂಬಾಗಿಲಿನಿಂದ ಒಳಬರಲು ಅವಕಾಶವಿಲ್ಲದ ಜನಾಂಗದ ಹೆಣ್ಣು ವೇದಿಕೆಯ ಮೇಲೆ ರಾಣಿಯಂತೆ ನಿಲ್ಲುವುದರಲ್ಲಿ ಸೊಗಸಿಗಿಂತ ಹೆಚ್ಚಿನದೇನೋ ಇತ್ತು. ಕಪ್ಪು ಗಾಯಕಿಯೊಬ್ಬರ ಮೊದಲ ಬ್ಲೂಸ್ ಮುದ್ರಿಕೆ, ಮಾಮಿ ಸ್ಮಿತ್ ಅವರದು, ಹೊರಬಂದದ್ದು 1920ರಲ್ಲಿ. ಗೌಹರ್ ಅದಕ್ಕಿಂತ 18 ವರ್ಷ ಮೊದಲೇ ಕಹಳೆಯ ಮುಂದೆ ನಿಂತಿದ್ದರು.

ಏಂಜಲೀನಾ ಗೌಹರ್ ಆದದ್ದು

ಹುಟ್ಟಿದ್ದು 1873ರ ಜೂನ್ 26ರಂದು, ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಇಟ್ಟ ಹೆಸರು ಏಂಜಲೀನಾ ಯೋವಾರ್ಡ್. ತಂದೆ ರಾಬರ್ಟ್ ವಿಲಿಯಂ ಯೋವಾರ್ಡ್ ಆರ್ಮೇನಿಯನ್ ಮೂಲದವರು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್ ಭಾರತೀಯ ತಾಯಿ ಮತ್ತು ಬ್ರಿಟಿಷ್ ತಂದೆಯ ಮಗಳು, ಸಂಗೀತ ನೃತ್ಯ ಬಲ್ಲವರು. 1872ರಲ್ಲಿ ನಡೆದ ಈ ಮದುವೆ 1879ರಲ್ಲಿ ಮುರಿದುಬಿತ್ತು. ಆರು ವರ್ಷದ ಮಗಳೊಂದಿಗೆ ನಿರಾಶ್ರಿತರಾದ ವಿಕ್ಟೋರಿಯಾ, ಖುರ್ಷೀದ್ ಎಂಬ ಮುಸ್ಲಿಂ ಗೃಹಸ್ಥರ ಆಸರೆಯಲ್ಲಿ 1881ರಲ್ಲಿ ಬನಾರಸ್ ಸೇರಿದರು. ಅಲ್ಲಿ ತಾಯಿ ಮಗಳಿಬ್ಬರೂ ಇಸ್ಲಾಂ ಸ್ವೀಕರಿಸಿದರು. ತಾಯಿ ಮಲಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು.

ಮಲಕಾ ಸಾಮಾನ್ಯ ಹೆಂಗಸಲ್ಲ. ಬನಾರಸಿನಲ್ಲಿ ಗಾಯಕಿಯಾಗಿ ಹೆಸರು ಮಾಡಿ, 1883ರಲ್ಲಿ ಕಲ್ಕತ್ತೆಗೆ ಬಂದು, ಪದಚ್ಯುತಿಯ ಬಳಿಕ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದ ಅವಧದ ನವಾಬ ವಾಜಿದ್ ಅಲಿ ಷಾ ಅವರ ದರ್ಬಾರಿನಲ್ಲಿ ಸ್ಥಾನ ಪಡೆದರು. ಮೂರೇ ವರ್ಷದಲ್ಲಿ ಚಿತ್ಪುರ ರಸ್ತೆಯಲ್ಲಿ 40,000 ರೂಪಾಯಿಗೆ ಸ್ವಂತ ಕಟ್ಟಡ ಖರೀದಿಸಿದರು. 1886ರಲ್ಲಿ ಅವರ ಉರ್ದು ಕವನಗಳ ಸಂಕಲನ ಪ್ರಕಟವಾಯಿತು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ತಪ್ಪೆಂದು ಭಾವಿಸಿದ್ದ ಮನೆಗಳೇ ಹೆಚ್ಚಿದ್ದ ದಿನಗಳವು ಎಂಬುದನ್ನು ಮರೆಯಬಾರದು.

ಮಗಳ ಶಿಕ್ಷಣಕ್ಕೆ ತಾಯಿ ಯಾವ ಕೊರತೆಯನ್ನೂ ಮಾಡಲಿಲ್ಲ. ಕಥಕ್ ಕಲಿಸಿದವರು ಬಿಂದಾದೀನ್ ಮಹಾರಾಜ್. ಪಟಿಯಾಲದ ಉಸ್ತಾದರಿಂದ ಖಯಾಲ್, ಸೃಜನಬಾಯಿಯವರಿಂದ ಧ್ರುಪದ್, ಚರಣದಾಸರಿಂದ ಬಂಗಾಳಿ ಕೀರ್ತನ ಕಲಿತದ್ದಾಯಿತು. ಗೌಹರ್ ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ತಾವೂ ಗಜಲ್ ಬರೆದರು. 1887ರಲ್ಲಿ ದರ್ಭಾಂಗ ಸಂಸ್ಥಾನದ ದರ್ಬಾರಿನಲ್ಲಿ ಮೊದಲ ಕಛೇರಿ. ಆಗ ವಯಸ್ಸು 14. 1896ರ ಹೊತ್ತಿಗೆ ಕಲ್ಕತ್ತೆಯ ಸಿರಿವಂತರ ಮೆಹಫಿಲ್‌ಗಳಲ್ಲಿ ಆಕೆಯ ಹೆಸರು ಕೇಳಿಬರತೊಡಗಿತ್ತು.

ಉಡುಗೆಯೇ ಬಂಡವಾಳ

ಗೌಹರ್ ವೇದಿಕೆಗೆ ಬಂದ ಹೊತ್ತು ಹಾಡುವ ಹೆಣ್ಣುಮಕ್ಕಳಿಗೆ ಸುಖದ ಕಾಲವಾಗಿರಲಿಲ್ಲ. ನಾಚ್ ವಿರೋಧಿ ಚಳವಳಿ ದಕ್ಷಿಣದ ಮದರಾಸಿನಲ್ಲಿ ಜೋರಾಗಿತ್ತು. 1893ರಲ್ಲಿ ಅಲ್ಲಿಂದ ವೈಸ್‌ರಾಯ್ ಮತ್ತು ಗವರ್ನರ್‌ಗೆ ಮನವಿಗಳು ಹೋದವು. ಇಂಥ ಹೆಂಗಸರ ಹಾಡು, ಕುಣಿತಗಳಿಗೆ ಗಣ್ಯರು ಹೋಗಕೂಡದೆಂಬುದು ಅವುಗಳ ಸಾರ. ಮೈಸೂರು ಸರ್ಕಾರವೂ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿನ ದೇವದಾಸಿ ಸೇವೆಗೆ ತೆರೆ ಎಳೆಯಿತು. ಸುಧಾರಕರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಆ ಹೆಂಗಸರ ಅನ್ನದ ದಾರಿ ಮುಂದೆ ಯಾವುದು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ.

ಗೌಹರ್ ಕಂಡುಕೊಂಡ ಉತ್ತರ ಬೇರೆಯೇ ಆಗಿತ್ತು. ನಾಚಿ ಹಿಂದೆ ಸರಿಯುವ ಬದಲು ಆಕೆ ಇನ್ನಷ್ಟು ಎದ್ದು ಕಂಡರು. ಆಕೆಯ ಉಡುಗೆಯಲ್ಲಿ ಹಲವು ಲೋಕಗಳು ಕೂಡಿದ್ದವು. ಉಳಿದುಬಂದಿರುವ ಛಾಯಾಚಿತ್ರಗಳಲ್ಲಿ ಸೆರಗನ್ನು ಹೆಗಲಿಗೆ ಪಿನ್ನಿನಿಂದ ಬಿಗಿದ ಸೀರೆಯಿದೆ, ಯುರೋಪಿನ ಮಾದರಿಯ ಲೇಸು ಹಚ್ಚಿದ ರವಿಕೆಯಿದೆ, ಅದರ ಮೇಲೆ ಹಿಂದುಸ್ತಾನದ ಸಾಲು ಸಾಲು ಹಾರಗಳಿವೆ. ಅಜ್ಜಿ ಹಿಂದೂ, ತಂದೆ ಆರ್ಮೇನಿಯನ್ ಕ್ರೈಸ್ತ, ತಾನು ಮುಸ್ಲಿಂ. ಹಾಡಿದ್ದು ಕೃಷ್ಣನ ಠುಮರಿಯನ್ನೂ ಹೌದು, ನಾತ್‌ಗಳನ್ನೂ ಹೌದು. ಆ ಚಿತ್ರಗಳಲ್ಲಿ ನೇರವಾಗಿ ಕ್ಯಾಮೆರಾವನ್ನು ದಿಟ್ಟಿಸುವ ಹೆಣ್ಣಿಗೆ ಇವುಗಳಲ್ಲಿ ಒಂದನ್ನು ಆಯ್ದು ಉಳಿದದ್ದನ್ನು ಬಿಡಬೇಕೆಂದು ಅನಿಸಿದಂತಿಲ್ಲ.

ಆ ಕಾಲದ ಬಂಗಾಳದಲ್ಲಿ ರವಿಕೆ ತೊಟ್ಟು ಸೆರಗಿಗೆ ಪಿನ್ನು ಹಾಕುವುದು ಹೊಸ ಫ್ಯಾಷನ್. ಠಾಕೂರ್ ಮನೆತನದ ಜ್ಞಾನದಾನಂದಿನಿ ದೇವಿ ಹೊರಗೆ ಓಡಾಡುವ ಸುಶಿಕ್ಷಿತ ಮಹಿಳೆಯರಿಗೆಂದು ರೂಢಿಗೆ ತಂದ ಉಡುಗೆಯದು. ಅದೇ ಶೈಲಿಯನ್ನು ಮೆಹಫಿಲ್‌ನ ಗಾಯಕಿ ತೊಟ್ಟು, ಅದಕ್ಕೆ ಚಿನ್ನದ ಜರಿ ಸೇರಿಸಿದಾಗ ಯಾರು ಕುಲೀನೆ, ಯಾರು ಅಲ್ಲ ಎಂಬ ಗೆರೆ ಮಸುಕಾಯಿತು. ಈ ಕಡೆ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಬಾಲಗಂಧರ್ವರು (1888–1967) ಉಟ್ಟ ಸೀರೆಯನ್ನು, ಮುಡಿದ ಹೂವನ್ನು ಗೃಹಿಣಿಯರು ಹೆಮ್ಮೆಯಿಂದ ಅನುಕರಿಸಿದರು. ಗಂಡಸು ಉಟ್ಟ ಸೀರೆಗೆ ಮರ್ಯಾದೆ ಇತ್ತು, ಹಾಡುವ ಹೆಣ್ಣು ಉಟ್ಟ ಸೀರೆಗೆ ಇರಲಿಲ್ಲ!

ಇನ್ನು ಹಣದ ಮಾತು. ಗ್ರಾಮಫೋನ್ ಕಂಪನಿಯಿಂದ ಗೌಹರ್ ಪಡೆದ ಸಂಭಾವನೆ 3,000 ರೂಪಾಯಿ. ತೊಲ ಬಂಗಾರದ ಬೆಲೆ 20 ರೂಪಾಯಿಯ ಆಸುಪಾಸಿನಲ್ಲಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಮೊತ್ತವೆಂದು ಓದುಗರೇ ಲೆಕ್ಕ ಹಾಕಬಹುದು. ತನ್ನ ಬೆಲೆ ಎಷ್ಟೆಂಬುದು ಆಕೆಗೆ ಚೆನ್ನಾಗಿ ತಿಳಿದಿತ್ತೆಂದು ಗೈಸ್‌ಬರ್ಗ್ ತುಸು ನೋವಿನಿಂದಲೇ ಒಪ್ಪಿಕೊಂಡಿದ್ದಾರೆ. ಚೌಕಾಸಿಗೆ ಕುಳಿತ ಬಿಳಿಯ ಸಾಹೇಬನ ಎದುರು ಹಳೆಯ ಸೀರೆಯುಟ್ಟು ಬಂದಿದ್ದರೆ ಈ ಮೊತ್ತ ಸಿಗುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು.

ಗಾನಮುದ್ರಿಕೆ ಆಕೆಯ ಸಂಗೀತವನ್ನೂ ಬೇರೆ ರೀತಿಯಲ್ಲಿ ಕತ್ತರಿಸಿ ಹೊಲಿಯಿತು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕು. ವಿದ್ಯುತ್ ಮೈಕ್ರೊಫೋನಿನ ಬಳಕೆ ಶುರುವಾದದ್ದು 1925ರ ಸುಮಾರಿಗೆ. ಅಲ್ಲಿಯವರೆಗೆ ಕಹಳೆಯ ಬಾಯಿಗೆ ಮುಖವಿಟ್ಟು ಎತ್ತರದ ದನಿಯಲ್ಲಿ ಹಾಡಬೇಕಿತ್ತು, ತಲೆ ಅಲ್ಲಾಡಿಸುವಂತೆಯೂ ಇರಲಿಲ್ಲ. ಕಣ್ಣು, ಕೈ, ಸೆರಗುಗಳಿಂದ ಭಾವ ತೋರುತ್ತ ಹಾಡಿ ರೂಢಿಯಾದ ಠುಮರಿ ಗಾಯಕಿಗೆ ಇದು ಕೈಕಟ್ಟಿ ಈಜಿಸಿದಂತೆ. ಹಲವು ಉಸ್ತಾದರು ಯಂತ್ರಕ್ಕೆ ಹೆದರಿ ಅಥವಾ ಜಿಗುಪ್ಸೆಯಿಂದ ದೂರ ಉಳಿದರು. ಗೌಹರ್ ಮಾತ್ರ ಆ ಮೂರು ನಿಮಿಷಕ್ಕೆ ಒಂದು ಅಚ್ಚನ್ನೇ ರೂಪಿಸಿಕೊಂಡರು. ಮೊದಲು ಬಂದಿಶ್, ನಡುವೆ ಮಿಂಚಿನ ತಾನುಗಳು, ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಘೋಷಿಸುವುದು. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ತಟ್ಟೆಗಳಾಗಿ ಬರಬೇಕಿದ್ದುದರಿಂದ, ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಮಾಡಿದ ಏರ್ಪಾಟು ಅದು. ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ತೆರೆದದ್ದು 1908ರಲ್ಲಿ. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಆಕೆ ಸುಮಾರು 600 ಮುದ್ರಿಕೆಗಳನ್ನು ಹಾಡಿದರೆಂಬ ಲೆಕ್ಕವಿದೆ.

ದನಿ ಮನೆ ಮನೆಗೆ ಹೋಯಿತು, ಮುಖವೂ ಅದರ ಹಿಂದೆಯೇ ಹೋಯಿತು. ಕಂಪನಿಯ ಪಟ್ಟಿಗಳಲ್ಲಿ, ಚಿತ್ರದ ಅಂಚೆ ಕಾರ್ಡುಗಳಲ್ಲಿ, ಕೊನೆಗೆ ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೆಯೂ ಗೌಹರ್ ಜಾನ್ ಚಿತ್ರ ಅಚ್ಚಾಯಿತು. ಮೆಹಫಿಲ್‌ಗೆ ಎಂದೂ ಕಾಲಿಡಲಾಗದ ಬಡವನೂ ಬೀಡಿ ಹಚ್ಚುವಾಗ ಆಕೆಯ ಒಡವೆಗಳನ್ನು ನೋಡಬಹುದಿತ್ತು. ಬೊಂಬಾಯಿ ಮತ್ತು ಮದರಾಸಿನ ಕಡೆಯಿಂದ ಬಂದ ರೈಲು ಮಾರ್ಗಗಳು 1871ರಲ್ಲಿಯೇ ರಾಯಚೂರಿನಲ್ಲಿ ಕೂಡಿದ್ದವು. ದೂರದ ಊರುಗಳ ನಾಟಕ, ಸಂಗೀತ, ಹೊಸ ಸರಕು ಎಲ್ಲವೂ ನಿಜಾಮರ ಆಳ್ವಿಕೆಯ ಈ ಊರಿನ ಮೂಲಕ ಹಾಯುವಂತಾದದ್ದು ಈ ಹಳಿಗಳಿಂದಲೇ.

ಆಕೆಯ ಠೀವಿಯ ಬಗ್ಗೆ ದಂತಕಥೆಗಳಿಗೆ ಬರವಿಲ್ಲ. ನಾಲ್ಕು ಕುದುರೆಯ ಸಾರೋಟಿನಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ತಿರುಗಿ, ಅದಕ್ಕಾಗಿ ವೈಸ್‌ರಾಯ್ ಆಡಳಿತಕ್ಕೆ 1,000 ರೂಪಾಯಿ ದಂಡ ಕಟ್ಟಿದರಂತೆ. ಸಾಕಿದ ಬೆಕ್ಕು ಮರಿ ಹಾಕಿತೆಂದು 20,000 ರೂಪಾಯಿ ಖರ್ಚು ಮಾಡಿ ಔತಣ ಕೊಟ್ಟರಂತೆ. ದತಿಯಾ ಸಂಸ್ಥಾನ ಕರೆದಾಗ ತನಗೂ ಪರಿವಾರಕ್ಕೂ ಇಡೀ ರೈಲನ್ನೇ ಕಳುಹಿಸುವಂತೆ ಕೇಳಿದರಂತೆ. ಇವುಗಳಲ್ಲಿ ನಿಜವೆಷ್ಟು, ಉಪ್ಪು ಖಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೆಸ್ಸಿ ಸ್ಮಿತ್ ಮಾತ್ರ 1925ರಲ್ಲಿ ನಿಜಕ್ಕೂ ಸ್ವಂತ ರೈಲು ಬೋಗಿಯನ್ನೇ ಕೊಂಡರು. ಕಪ್ಪು ಕಲಾವಿದರಿಗೆ ದಾರಿಯಲ್ಲಿ ತಂಗಲು ಹೋಟೆಲುಗಳು ಸಿಗದಿದ್ದ ದೇಶದಲ್ಲಿ ಅದು ಅಗತ್ಯವೂ ಆಗಿತ್ತು.

1911ರ ಡಿಸೆಂಬರಿನ ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯ ಎದುರು ಗೌಹರ್ ಹಾಡಿದರು. ಜೊತೆಗಿದ್ದವರು ಅಲಹಾಬಾದಿನ ಜಾನಕೀಬಾಯಿ. ಮುಖದ ಮೇಲೆ ಚೂರಿಯ ಗಾಯದ ಗುರುತುಗಳಿದ್ದ ಜಾನಕೀಬಾಯಿ ಮತ್ತು ಸೌಂದರ್ಯಕ್ಕೆ ಹೆಸರಾದ ಗೌಹರ್ ಒಂದೇ ವೇದಿಕೆಯಲ್ಲಿ! ಇಬ್ಬರಿಗೂ ಗಿನಿಗಳ ಇನಾಮು ದೊರೆಯಿತು.

ಕಚೇರಿಯಿಂದ ಕೋರ್ಟಿಗೆ

ಮನೆಯೊಳಗಿನ ಬದುಕು ಇಷ್ಟು ಹೊಳೆಯಲಿಲ್ಲ. 1906ರಲ್ಲಿ ತಾಯಿ ಮಲಕಾ ತೀರಿಕೊಂಡರು. ಪಾರ್ಸಿ ರಂಗಭೂಮಿಯ ಹೆಸರಾಂತ ನಟ ಅಮೃತ್ ಕೇಶವ್ ನಾಯಕ್ ಅವರೊಂದಿಗೆ ಬೆಳೆದ ಸ್ನೇಹ 1907ರಲ್ಲಿ ಅವರ ಅಕಾಲ ಮರಣದೊಂದಿಗೆ ಕೊನೆಗೊಂಡಿತು. ಅದೇ ಕಾಲಕ್ಕೆ, ಮನೆಯಲ್ಲಿಯೇ ಬೆಳೆದಿದ್ದ ಸೇವಕಿಯ ಮಗ ಭಗ್ಲೂ, ತಾನೇ ಮಲಕಾ ಜಾನ್ ಅವರ ಮಗ, ಆಸ್ತಿಯೆಲ್ಲ ತನ್ನದು ಎಂದು ನ್ಯಾಯಾಲಯದ ಮೆಟ್ಟಿಲೇರಿದ.

ತಾನು ತನ್ನ ತಾಯಿಯ ಮಗಳೇ ಎಂದು ಗೌಹರ್ ಸಾಬೀತುಪಡಿಸಬೇಕಾಗಿ ಬಂತು. ಬೆಂಕಿಪೊಟ್ಟಣದ ಮೇಲೆ ಮುಖವಿರುವ, ತಟ್ಟೆ ತಟ್ಟೆಯ ಕೊನೆಗೂ ತನ್ನ ಹೆಸರನ್ನು ತಾನೇ ಸಾರಿದ ಹೆಣ್ಣಿಗೆ ತಾನು ಯಾರೆಂಬುದಕ್ಕೆ ಗಂಡಸೊಬ್ಬನ ಸಾಕ್ಷ್ಯ ಬೇಕಾಯಿತು. ಎಂದೋ ಬಿಟ್ಟುಹೋಗಿದ್ದ ತಂದೆ ರಾಬರ್ಟ್ ಯೋವಾರ್ಡ್ ಅವರನ್ನು ಹುಡುಕಿ, ಅವರಿಂದ ಹೇಳಿಕೆ ಕೊಡಿಸಿ ಗೌಹರ್ ಮೊಕದ್ದಮೆ ಗೆದ್ದರು. ಆದರೆ ಗೆಲುವು ಕೈ ತುಂಬಲಿಲ್ಲ. ವ್ಯವಹಾರ ನೋಡಿಕೊಳ್ಳುತ್ತಿದ್ದ, ವಯಸ್ಸಿನಲ್ಲಿ ಕಿರಿಯರಾದ ಸೈಯದ್ ಗುಲಾಂ ಅಬ್ಬಾಸ್ ಅವರನ್ನು ಆಕೆ ವರಿಸಿದರು. ಆ ಸಂಬಂಧವೂ ಮುರಿದು ಕೋರ್ಟು ಸೇರಿತು. ವಕೀಲರ ಶುಲ್ಕ, ರಾಜಿಯ ಹಣ ಎಂದು ಗಳಿಸಿದ್ದೆಲ್ಲ ಕರಗತೊಡಗಿತು.

ಒಡವೆಯ ಮಹತ್ವ ಇಲ್ಲಿ ಅರ್ಥವಾಗುತ್ತದೆ. ಮನೆಗೆ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಕೊರಳಲ್ಲಿದ್ದ ಸರ ಮಾತ್ರ ಇಂಥ ಹೆಂಗಸರ ಕೈಗೆ ಎಟುಕುವ ಆಸ್ತಿ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952) ಇದೇ ತಲೆಮಾರಿನವರು, ದೇವದಾಸಿ ಕುಲದವರು. ಅವರು ತಮ್ಮ ಗಳಿಕೆಯನ್ನು, ಒಡವೆಗಳನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಲು ವಿನಿಯೋಗಿಸಿದರು. ನಾಗರತ್ನಮ್ಮನವರ ಚಿನ್ನ ಕಲ್ಲಾಗಿ ನಿಂತಿತು, ಗೌಹರ್ ಅವರದು ಕೋರ್ಟಿನ ಕಾಗದಗಳಲ್ಲಿ ಕಳೆದುಹೋಯಿತು.

ಗಾಂಧೀಜಿಯವರೊಂದಿಗೆ ಹೆಣೆದುಕೊಂಡ ಒಂದು ಪ್ರಸಂಗ ಪ್ರಚಲಿತದಲ್ಲಿದೆ. ಸ್ವರಾಜ್ಯ ನಿಧಿಗೆ ನೆರವು ಕೋರಿದಾಗ, ಗಾಂಧೀಜಿ ಖುದ್ದಾಗಿ ಬಂದು ಕಛೇರಿ ಕೇಳಬೇಕೆಂಬ ಷರತ್ತಿನ ಮೇಲೆ ಗೌಹರ್ ಒಪ್ಪಿದರಂತೆ. ಅವರಿಗೆ ಬರಲಾಗಲಿಲ್ಲ. ಕಛೇರಿಯಿಂದ 24,000 ರೂಪಾಯಿ ಸಂಗ್ರಹವಾಗಿತ್ತು, ಹಣ ಪಡೆಯಲು ಬಂದ ಮೌಲಾನಾ ಶೌಕತ್ ಅಲಿ ಅವರಿಗೆ ಗೌಹರ್ ಅರ್ಧವನ್ನಷ್ಟೇ ಕೊಟ್ಟು ಕಳುಹಿಸಿದರೆನ್ನುತ್ತಾರೆ. ಹಣ ಬೇಕು, ಹಾಡುವವಳ ಎದುರು ಕುಳಿತುಕೊಳ್ಳುವುದು ಬೇಡ ಎಂಬ ಧೋರಣೆಯನ್ನು ಆಕೆ ಗುರುತಿಸಿದ್ದರು ಎಂದೇ ಆ ಕಥೆಯನ್ನು ಹೇಳುವವರು ಹೇಳುತ್ತಾರೆ.

ದಿಲ್‌ಖುಷ್ ಕಾಟೇಜಿನಲ್ಲಿ

ಊರಿಂದೂರಿಗೆ, ಆಶ್ರಯದಿಂದ ಆಶ್ರಯಕ್ಕೆ ಅಲೆದ ಬಳಿಕ ಗೌಹರ್ ಜಾನ್ ಮೈಸೂರು ತಲುಪಿದರು. ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರ್ ಅವರಂಥ ವಿದ್ವಾಂಸರಿದ್ದ ಆಸ್ಥಾನ ಅದು. ಹಿಂದುಸ್ತಾನಿ ಮತ್ತು ಪಾಶ್ಚಾತ್ಯ ಸಂಗೀತಕ್ಕೂ ಅಷ್ಟೇ ಒಲಿದಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟ್ 1ರಂದು ಆಕೆಯನ್ನು ಅರಮನೆಯ ಸಂಗೀತಗಾರರಾಗಿ ನೇಮಿಸಿಕೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ, ವಾಸಕ್ಕೆ ದಿಲ್‌ಖುಷ್ ಕಾಟೇಜ್. ದೇವಾಲಯಗಳಿಂದ ಹಾಡುವ ಹೆಣ್ಣುಮಕ್ಕಳನ್ನು ಹೊರಗಿಟ್ಟ ಸಂಸ್ಥಾನವೇ 19 ವರ್ಷಗಳ ಬಳಿಕ ತವಾಯಫ್ ಒಬ್ಬರನ್ನು ಗೌರವದಿಂದ ಬರಮಾಡಿಕೊಂಡಿತ್ತು.

ಆಗ ವಯಸ್ಸು 55. ಒಂದು ಕಾಲಕ್ಕೆ ಒಂದು ಸಲದ ಹಾಡಿಗೆ ಪಡೆದದ್ದು ಈಗ ಆರು ತಿಂಗಳ ಸಂಬಳ. ಆರೋಗ್ಯ ಕೆಟ್ಟಿತ್ತು, ಹಳೆಯ ಪರಿವಾರ ಚದುರಿತ್ತು. ಮೈಸೂರಿನ ವಾಸ ಒಂದೂವರೆ ವರ್ಷವನ್ನೂ ದಾಟಲಿಲ್ಲ. 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಗೌಹರ್ ಜಾನ್ ನಿಧನರಾದರು. ಏಳು ವರ್ಷಗಳ ಬಳಿಕ ಬೆಸ್ಸಿ ಸ್ಮಿತ್ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ, ಅವರ ಸಮಾಧಿಯ ಮೇಲೊಂದು ಹೆಸರಿನ ಕಲ್ಲು ನಿಲ್ಲಲು 1970ರವರೆಗೆ ಕಾಯಬೇಕಾಯಿತು.

ಆ ನಂತರದ ಗಾಯಕಿಯರ ವೇದಿಕೆಯ ಉಡುಗೆ ಬದಲಾಯಿತು. 1940ರ ದಶಕದ ಉತ್ತರಾರ್ಧದಲ್ಲಿ ಆಕಾಶವಾಣಿ, ಖಾಸಗಿ ಬದುಕಿನ ನಡತೆಯ ಕಾರಣ ಮುಂದೊಡ್ಡಿ ತವಾಯಫ್ ಹಿನ್ನೆಲೆಯ ಕಲಾವಿದೆಯರಿಗೆ ಬಾಗಿಲು ಮುಚ್ಚಿತು. ಬಾಯಿ, ಜಾನ್ ಎಂಬ ಹೆಸರುಗಳು ಮೆಲ್ಲನೆ ದೇವಿ, ಬೇಗಂಗಳಿಗೆ ಎಡೆಮಾಡಿಕೊಟ್ಟವು. ಹಾಡುವ ಹೆಣ್ಣು ಗೃಹಿಣಿಯಂತೆ ಕಾಣಬೇಕೆಂಬುದು ಅಲಿಖಿತ ನಿಯಮವಾಯಿತು. 1930ರ ದಶಕದಲ್ಲಿ ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರಿನಲ್ಲಿ ಮುದ್ರಿಕೆಗಳನ್ನು ಹಾಡಿದ ಗಂಗೂಬಾಯಿ ಹಾನಗಲ್ (1913–2009) ಸಾದಾ ಸೀರೆಯಲ್ಲಿ, ಸೆರಗು ಹೊದ್ದು, ತಂಬೂರಿ ಹಿಡಿದು ಕುಳಿತು ಇಡೀ ದೇಶವನ್ನು ಗೆದ್ದರು. ಆ ಸರಳತೆ ಅವರ ಸ್ವಭಾವಕ್ಕೆ ಒಪ್ಪಿತ್ತು, ನಿಜ. ಆದರೆ ಜರತಾರಿ ತೊಡುವ ಆಯ್ಕೆ ಆ ಹೊತ್ತಿಗೆ ಯಾರಿಗೂ ಉಳಿದಿರಲಿಲ್ಲ ಎಂಬುದೂ ನಿಜ.

ಗೌಹರ್ ಜಾನ್ ಹೆಸರು ಮತ್ತೆ ಕೇಳಿಬಂದದ್ದು ಮೈಸೂರಿನ ದಾಖಲೆಗಳಿಂದಾಗಿ. ಅರಮನೆಯ ಹಳೆಯ ಕಡತಗಳಲ್ಲಿ ಸಿಕ್ಕ ಪತ್ರಗಳ ಜಾಡು ಹಿಡಿದು ಬೆಂಗಳೂರಿನ ಲೇಖಕ ವಿಕ್ರಂ ಸಂಪತ್ ಬರೆದ ಜೀವನಚರಿತ್ರೆ 2010ರಲ್ಲಿ ಹೊರಬಂತು. 2018ರ ಜೂನ್ 26ರಂದು ಗೂಗಲ್ ತನ್ನ ಮುಖಪುಟದಲ್ಲಿ ಆಕೆಯ ಚಿತ್ರ ಹಾಕಿ 145ನೆಯ ಜನ್ಮದಿನವನ್ನು ನೆನೆಯಿತು. ಹಳೆಯ ತಟ್ಟೆಗಳ ಹಲವು ಹಾಡುಗಳು ಈಗ ಅಂತರ್ಜಾಲದಲ್ಲಿ ಕೇಳಸಿಗುತ್ತವೆ. ಸೂಜಿಯ ಕರಕರ ಸದ್ದಿನ ನಡುವೆ ಜೋಗಿಯಾ ರಾಗದ ಖಯಾಲ್ ಮುಗಿಯುತ್ತಿದ್ದಂತೆ, ಹ್ಯಾನೋವರಿನ ಕೆಲಸಗಾರರಿಗೆಂದು ಹೇಳಿದ ಆ ಹೆಸರು ಸ್ಪಷ್ಟವಾಗಿ, ತುಸು ಗತ್ತಿನಿಂದಲೇ ಕೇಳಿಸುತ್ತದೆ.